ಕಾಮಗೆರೆಯ ಹೊಲದ ನಿಲುವುಗಲ್ಲು

ಸಾವಿರಾರು ವರ್ಷಗಳ ಹಿಂದೆ ಜನ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳನ್ನು ಹುಡುಕುತ್ತಾ ನಾನು ಕಾಮಗೆರೆಯ ಹೊಲಗಳಲ್ಲಿ ಅಲೆಯುತ್ತಿದ್ದ ದಿನಗಳವು. ಒಂದು ಬೆಳಿಗ್ಗೆ ರಾಗಿ ಹೊಲದ ಅಂಚಿನಲ್ಲಿ ನನಗಿಂತ ಎತ್ತರದ ಕಲ್ಲೊಂದು ಸಿಕ್ಕಿತು. ದಿಕ್ಸೂಚಿ ಹಿಡಿದು ನೋಡಿದರೆ ಅದರ ಮುಖ ಈಶಾನ್ಯಕ್ಕಿತ್ತು. ಸೂರ್ಯ ಹುಟ್ಟುವ ದಿಕ್ಕಿಗೂ ಇದಕ್ಕೂ ನಂಟಿರಬೇಕೆಂದು ಕೂತಲ್ಲೇ ಎರಡು ಪುಟ ಬರೆದೆ.

ಹೊಲದೊಡತಿ ಅಜ್ಜಿ ಬದುವಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು. "ಅದೇನವ್ವ ಅಷ್ಟೊಂದು ಬರ್ಕೊತಿದ್ದೀಯೆ?" ಎಂದು ಕೇಳಿದರು. ಹೇಳಿದೆ. ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

"ಅದ್ನ ಇಲ್ಲಿ ನೆಟ್ಟಿದ್ದು ನಮ್ಮ ಯಜಮಾನ್ರು ಕಣವ್ವ. ಎಮ್ಮೆ ಮೈ ಉಜ್ಕಳ್ಲಿ ಅಂತ."

"ಹಾಗಾದರೆ ಈಶಾನ್ಯಕ್ಕೇ ಯಾಕೆ ತಿರುಗಿಸಿದರು?"

"ತಿರುಗ್ಸದೇನು ಬಂತು? ಎಳ್ಕಂಡು ಬಂದ ಎತ್ತು ಸುಸ್ತಾಗಿ ಎಲ್ಲಿ ನಿಂತ್ವೋ ಅಲ್ಲೇ, ಕಲ್ಲು ಹೆಂಗಿತ್ತೋ ಹಂಗೇ ನೆಟ್ರು."

ನನ್ನ ಮುಖ ಸಪ್ಪಗಾದದ್ದು ನೋಡಿ ಪಾಪ ಅನ್ನಿಸಿತೇನೋ, ಅಜ್ಜಿ ಕುಡುಗೋಲು ಹಿಡಿದು ಎದ್ದರು. "ಬಾ, ಇದ್ರ ಜೊತೆಯವು ದಿಣ್ಣೆ ಮೇಲವೆ."

ಲಂಟಾನ ಸವರುತ್ತಾ ಅವರು ಮುಂದೆ ನಡೆದರು. ಪೊದೆಯೊಳಗೆ ನಾಲ್ಕು ಕಲ್ಲುಗಳು ನೆಟ್ಟಗೆ ನಿಂತಿದ್ದವು. ಪಕ್ಕದಲ್ಲೇ ಐದನೆಯದನ್ನು ಕಿತ್ತ ಗುಂಡಿಯೂ ಇತ್ತು. ನಾನು ಕುಣಿಯುವುದೊಂದು ಬಾಕಿ. ಅಳತೆ ಟೇಪಿನ ಒಂದು ತುದಿಯನ್ನು ಅಜ್ಜಿಯ ಕೈಗೇ ಕೊಟ್ಟೆ.