ನನ್ನ ಕಾಲು, ಅವರ ಉತ್ತರ

ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ನಮ್ಮದು ಮೂರನೇ ಮಹಡಿ. ನೀರು ಅಷ್ಟು ಮೇಲಕ್ಕೆ ಏರುತ್ತಿರಲಿಲ್ಲ. ಬೆಳಗಾಗುವ ಮುಂಚೆ ಕೆಳಗಿನ ನಲ್ಲಿಯಲ್ಲಿ ಹಿಡಿದು, ಬಕೆಟ್ ಹೊತ್ತು ಹತ್ತಬೇಕು. ಎಂಬತ್ತರ ದಶಕದ ಆ ವರ್ಷಗಳಲ್ಲಿ ಬೊಂಬಾಯಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ಮೆಟ್ಟಿಲು ಎನ್ನುತ್ತಿದ್ದೆ, ಅಷ್ಟೆ. ಕಾಲುನೋವು ಎಂದು ನಾನು ದಿನಾ ಗೊಣಗುತ್ತಿದ್ದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ ದಿನಾ "ಹ್ಞೂಂ" ಎನ್ನುತ್ತಿದ್ದರು.

ಅವರು ಮೈಸೂರು ಕಡೆಯವರು, ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಕೆಟ್ಟವರಲ್ಲ. ಆದರೆ ನಮ್ಮ ಕಡೆಯ ಗಂಡಸರ ಅಭ್ಯಾಸವೊಂದು ಅವರಿಗೂ ಇತ್ತು. ಹೊರಗಿನವರು ಏನು ಕೇಳಿದರೂ ಹೆಂಡತಿಯ ಪರವಾಗಿ ಅವರೇ ಉತ್ತರ ಕೊಡುವುದು. ಊಟಕ್ಕೆ ಕರೆದ ಮನೆಯಾಕೆ "ಇನ್ನೊಂಚೂರು ಅನ್ನ ಹಾಕ್ಲೇನ್ರೀ?" ಎಂದು ನನ್ನನ್ನು ಕೇಳಿದರೆ, "ಬೇಡಿ, ಅವಳಿಗೆ ಸೇರಲ್ಲ" ಎನ್ನುವವರು ಇವರು. ತರಕಾರಿಯವನ ಹತ್ತಿರ ಜಗಳವಾಡಲು ಸಾಕಾಗುವಷ್ಟು ಹಿಂದಿ ನನಗೂ ಬರುತ್ತಿತ್ತು. ಆದರೂ ರೇಷನ್ ಅಂಗಡಿ, ಬ್ಯಾಂಕು, ಡಾಕ್ಟರು, ಎಲ್ಲ ಕಡೆ ಅವರದೇ ಬಾಯಿ.

ಒಂದು ಮಳೆಗಾಲದಲ್ಲಿ ನನಗೆ ಹೊಟ್ಟೆ ಕೆಟ್ಟು ಭೇದಿಯಾಯಿತು, ವಾಸಿಯೂ ಆಯಿತು. ಅದಾಗಿ ಎರಡು ವಾರಕ್ಕೆ ಪಾದಗಳಲ್ಲಿ ಜುಮುಜುಮು ಶುರುವಾಯಿತು. ಚಪ್ಪಲಿ ಕಳಚಿ ಹಿಂದೆ ಬಿದ್ದರೂ ತಿಳಿಯಲಿಲ್ಲ. ಮಾರನೆಯ ಬೆಳಿಗ್ಗೆ ತುಂಬಿದ ಬಕೆಟ್ ಹಿಡಿದು ಮೊದಲ ಮಹಡಿಯಲ್ಲೇ ಕುಸಿದು ಕೂತೆ. ಅಂದು ಮಧ್ಯಾಹ್ನ ಉಂಡ ಮೇಲೆ ನೆಲದಿಂದ ಏಳಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಎದ್ದೆ.

"ರೀ, ಈ ಕಾಲು ನಂದೇ ಅಲ್ಲ ಅನ್ನಿಸ್ತಿದೆ ಕಣ್ರೀ," ಎಂದೆ.

"ಮಳೆಗೆ ವಾಯು ಜಾಸ್ತಿಯಾಗಿದೆ. ಎಣ್ಣೆ ಬಿಸಿ ಮಾಡಿ ಹಚ್ಕೊ," ಎಂದರು.

ಹಚ್ಚಿಕೊಂಡೆ. ಎಣ್ಣೆ ಎಷ್ಟು ಬಿಸಿಯಿದೆ ಎಂಬುದೂ ಕಾಲಿಗೆ ಗೊತ್ತಾಗಲಿಲ್ಲ. ಆಮೇಲೆ ಓಣಿಯ ಡಾಕ್ಟರ ಹತ್ತಿರ ಹೋದೆವು. ಅವರು ನನ್ನ ಮುಖ ನೋಡಿ "ಕಬ್ ಸೇ ಹೈ?" ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಇವರು "ಬಹುತ್ ಸಾಲ್ ಸೇ, ಡಾಕ್ಟರ್ ಸಾಬ್. ಪಾನೀ ಭರ್ತೀ ಹೈ ನಾ," ಎಂದುಬಿಟ್ಟರು. ಬಹಳ ವರ್ಷದಿಂದ, ನೀರು ಹೊರುತ್ತಾಳಲ್ಲ ಅಂತ! ಹಳೇ ನೋವು ಎಂದ ಮೇಲೆ ಡಾಕ್ಟರು ತಾನೇ ಏನು ಮಾಡಿಯಾರು? ವೀಕ್‌ನೆಸ್ ಎಂದು ಸೊಂಟಕ್ಕೆ ಬಿ-ಕಾಂಪ್ಲೆಕ್ಸ್ ಚುಚ್ಚಿ ಕಳಿಸಿದರು. ಮತ್ತೆ ಹೋದಾಗಲೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಸೂಜಿ.

"ಆ ನೋವೇ ಬೇರೆ, ಇದೇ ಬೇರೆ. ನೀವ್ಯಾಕ್ರೀ ವರ್ಷ ಅಂತ ಹೇಳೋದು?" ಎಂದು ಮನೆಯಲ್ಲಿ ಕೇಳಿದೆ.

"ಕಾಲು ಅವೇ ತಾನೆ?" ಎಂದರು.

ಮೈಯೆಲ್ಲ ಉರಿದುಹೋಯಿತು. ಆದರೆ ಜಗಳವಾಡಲು ತ್ರಾಣ ಎಲ್ಲಿತ್ತು? ಗೋಡೆಗೆ ಮುಖ ಮಾಡಿ ಮಲಗಿದೆ.

ಆಮೇಲೆ ಕೈಯೂ ಹೋಯಿತು. ಕಾಫಿ ಲೋಟ ಹಿಡಿಯಲಾಗದೆ ಸೀರೆಯ ಮೇಲೆ ಚೆಲ್ಲಿಕೊಂಡ ದಿನ ಅವರ ಮುಖ ಬಿಳಿಚಿಕೊಂಡಿತು. ಅಕ್ಕಪಕ್ಕದವರು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಕೆಳಗಿಳಿಸಿದರು, ಟ್ಯಾಕ್ಸಿಯಲ್ಲಿ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ನಿದ್ದೆಗೆಟ್ಟ ಕಣ್ಣುಗಳ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವಳೂ ಎಂದಿನಿಂದ ಎಂದಳು, ಇವರೂ ಬಹುತ್ ಸಾಲ್ ಎಂದರು. ಅವಳು ಸಣ್ಣ ಸುತ್ತಿಗೆಯಿಂದ ನನ್ನ ಮೊಣಕಾಲಿಗೆ ತಟ್ಟಿದಳು. ಕಾಲು ಮಿಸುಕಲಿಲ್ಲ. ಇನ್ನೊಂದಕ್ಕೆ ತಟ್ಟಿದಳು, ಅದೂ ಇಲ್ಲ. ಅವಳು ಇವರ ಕಡೆ ತಿರುಗಿ ಮರಾಠಿಯಲ್ಲಿ "ತುಮ್ಹೀ ಗಪ್ಪ ಬಸಾ," ಎಂದು ಗದರಿದಳು. ಸುಮ್ಮನೆ ಕೂತರು. ಆಮೇಲೆ ನನಗೆ, "ಬಾಈ, ತುಮ್ ಬೋಲೋ," ನೀವು ಹೇಳಿ ಅಮ್ಮ, ಎಂದಳು.

"ದಸ್ ದಿನ್ ಪೆಹಲೇ ಪಾನೀ ಊಪರ್ ಲಾಯಾ," ಎಂದೆ ನನ್ನ ತರಕಾರಿ ಹಿಂದಿಯಲ್ಲಿ. "ಅಬ್ ಗ್ಲಾಸ್ ನಹೀ ಉಠತಾ." ಹತ್ತು ದಿನದ ಹಿಂದೆ ನೀರು ಹೊತ್ತು ಹತ್ತಿದವಳಿಗೆ ಈಗ ಲೋಟ ಎತ್ತಲಾಗುತ್ತಿಲ್ಲ ಎಂದು. ಭೇದಿಯಾಗಿದ್ದನ್ನೂ ಹೇಳಿದೆ. ಅವಳ ಕಣ್ಣಿನ ನಿದ್ದೆ ಹಾರಿಹೋಯಿತು. ಒಂದೇ ಉಸಿರಿನಲ್ಲಿ ಎಷ್ಟಾಗುತ್ತೋ ಅಷ್ಟು ಎಣಿಸು ಎಂದಳು. ಪಕ್ಕದಿಂದ ನಮ್ಮವರು "ಏಕ್, ದೋ, ತೀನ್..." ಎಂದು ಶುರುಮಾಡಿದರು! ಅಯ್ಯೋ ದೇವರೇ, ನನಗೆ ನಗು ಬಂತು, ನಗಲು ಉಸಿರೇ ಸಾಲಲಿಲ್ಲ. ಸುಧಾರಿಸಿಕೊಂಡು ಕನ್ನಡದಲ್ಲೇ ಎಣಿಸಿದೆ. ಒಂಬತ್ತು ಮುಟ್ಟುವಷ್ಟರಲ್ಲಿ ದಮ್ಮು ಮುಗಿಯಿತು. ಅವಳು ಟ್ರಾಲಿ ತರಲು ಕೂಗಿಕೊಂಡಳು.

ಬೆನ್ನುಹುರಿಯ ನೀರು ತೆಗೆದು ನೋಡಿ, ದೊಡ್ಡ ಡಾಕ್ಟರು ಯಜಮಾನರಿಗೆ ವಿವರಿಸಿದರಂತೆ. ವೈರಿನ ಮೇಲಿನ ರಬ್ಬರಿನ ಹಾಗೆ ನರಗಳಿಗೂ ಹೊದಿಕೆಯಿರುತ್ತದೆ. ಹೊಟ್ಟೆಯ ರೋಗದ ವಿರುದ್ಧ ಹೋರಾಡಲು ಎದ್ದ ಮೈಯ ಕಾವಲು ದಾರಿತಪ್ಪಿ ಆ ಹೊದಿಕೆಯನ್ನೇ ಕೆಡಿಸುತ್ತಿದೆ. ಕಾಲಿನಿಂದ ಮೇಲೇರುತ್ತಾ ಎದೆಗೆ ಬಂದಿದೆ. ಅದು ಇಳಿಯುವವರೆಗೆ ಮೆಷಿನ್ ಉಸಿರಾಡಿಸಿದರೆ ಬದುಕುತ್ತಾಳೆ, ಒಂದೆರಡು ದಿನ ತಡವಾಗಿದ್ದರೆ ಕಷ್ಟವಿತ್ತು. ಇದನ್ನೆಲ್ಲ ಯಜಮಾನರು ಹಾಸಿಗೆಯ ಪಕ್ಕ ನಿಂತು ನನಗೆ ಹೇಳುವಾಗ ನನ್ನ ಗಂಟಲಿನಲ್ಲಿ ನಳಿಗೆಯಿತ್ತು, ಮೈಯಲ್ಲಿ ಅಲುಗುತ್ತಿದ್ದುದು ಕಣ್ಣು ಮಾತ್ರ.

ಅಲುಗಾಟ ಹೋದರೂ ನೋವು ತಿಳಿಯುವುದು ಹೋಗಿರಲಿಲ್ಲ. ಬೆನ್ನಿನಿಂದ ತೊಡೆಯವರೆಗೆ ಕಾದ ಕಬ್ಬಿಣ ಇಟ್ಟ ಹಾಗೆ. ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಬಂದವರು, ಎಲ್ಲರ ಹಾಗೆ, ಯಜಮಾನರನ್ನೇ ಕೇಳಿದರು: "ದರ್ದ್ ಹೈ ಕ್ಯಾ ಇನ್‌ಕೋ?" ನೋವಿಲ್ಲ ಎಂದುಬಿಟ್ಟರೆ ಇಡೀ ದಿನ ಹೀಗೇ ಬೇಯಬೇಕಲ್ಲಪ್ಪಾ ಎಂದು ನಾನು ಅವರನ್ನೇ ನೋಡಿದೆ. ಅವರು ಬಾಯಿ ತೆರೆದರು. ಮುಚ್ಚಿದರು. ನನ್ನ ಕಡೆ ನೋಡಿದರು.

"ಮುಝೇ ಮಾಲೂಮ್ ನಹೀ," ಎಂದರು. "ಉಸೀ ಸೇ ಪೂಛಿಯೇ." ಅವರಿಗೆ ಗೊತ್ತಿಲ್ಲವಂತೆ, ನನ್ನನ್ನೇ ಕೇಳಬೇಕಂತೆ!

ಮದುವೆಯಾದಂದಿನಿಂದ ನನಗೇ ಬಿಟ್ಟುಕೊಟ್ಟ ಮೊದಲ ಉತ್ತರ, ಅದೂ ನನಗೆ ಬಾಯಿಯಿಲ್ಲದಾಗ. ಬೈಯಬೇಕು ಅನ್ನಿಸಿತು, ಅಳುವೂ ಬಂತು. ಡಾಕ್ಟರು ನನ್ನ ಮೇಲೆ ಬಾಗಿ, ನೋವಿದ್ದರೆ ಕಣ್ಣು ಮುಚ್ಚಿ ಎಂದರು. ಮುಚ್ಚಿದೆ. ಬಹಳ ನೋವು ಎಂದು ತಿಳಿಯಲಿ ಅಂತ ತೆರೆಯಲೇ ಇಲ್ಲ. ಮನೆಯಲ್ಲೂ 'ಇವಳೇ' ಎಂದೇ ಕರೆಯುವ ನಮ್ಮವರು ಹೆದರಿಕೊಂಡು, ಅಷ್ಟು ಜನರ ಎದುರಿಗೆ, ನನ್ನ ಹೆಸರು ಹಿಡಿದು ಕೂಗಿದರು.