ಗೂಳಪ್ಪ ದಾಜಿಯ ಕೀಬೋರ್ಡ್ ಫೋನು

ಗೂಳಪ್ಪ ದಾಜಿಯ ಆ ಹಳೆಯ ಫೋನು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. ದಾಜಿ ಎಂದರೆ ನನ್ನ ಅಕ್ಕ ಗೌರಾಬಾಯಿಯ ಗಂಡ. ಪುಣೆಗೆ ಬಂದು ಮರಾಠಿಯವರ ನಡುವೆ ಬೆರೆತ ಮೇಲೆ ಅಕ್ಕನ ಗಂಡನನ್ನು ನಾವೂ ದಾಜಿ ಎಂದೇ ಕರೆಯುತ್ತೇವೆ. ಅವರು ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಶಾಪಿನ ಸೂಪರ್‌ವೈಸರ್. ತಗಡಿನ ಹಾಳೆಯನ್ನು ಒಂದೇ ಏಟಿಗೆ ಬಾಗಿಲು ಮಾಡಿ, ಬಾನೆಟ್ಟು ಮಾಡಿ ಆಚೆ ತಳ್ಳುವ ಯಂತ್ರಗಳ ನಡುವೆ ಅವರ ಹರೆಯವೆಲ್ಲ ಕಳೆಯಿತು. ಆ ಸದ್ದಿನಲ್ಲಿ ಅವರ ಕಿವಿಯೂ ಹೋಯಿತು. ಹೋದದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ, ಕಾರ್ಖಾನೆಗಂತೂ ಸುಳಿವೇ ಕೊಡಲಿಲ್ಲ. ಇದನ್ನೆಲ್ಲ ಮುಚ್ಚಿಡಲು ಅವರ ಬೆನ್ನಿಗೆ ನಿಂತದ್ದು ಆ ದರಿದ್ರ ಫೋನು.

ಮೊದಲು ಅದರ ಒಳ್ಳೆಯ ಗುಣ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಟಚ್ ಫೋನು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲವದು. ಪ್ರೆಸ್ ಶಾಪಿನ ಗದ್ದಲದಲ್ಲಿ ಕರೆ ಬಂದರೆ ಯಾರಿಗೂ ಕೇಳಿಸುವುದಿಲ್ಲವೆಂದು ಕಂಪನಿ ಸೂಪರ್‌ವೈಸರುಗಳಿಗೆಲ್ಲ ಒಂದೊಂದು ಕೀಬೋರ್ಡ್ ಫೋನು ಕೊಟ್ಟಿತು. ಅರ್ಧ ಪರದೆ, ಅರ್ಧ ಗುಂಡಿ. ಕಂಪ್ಯೂಟರಿನಲ್ಲಿರುವ ಅಷ್ಟೂ ಅಕ್ಷರ ಅದರಲ್ಲಿದ್ದವು, ಒಂದೊಂದು ತೊಗರಿಕಾಳಿನಷ್ಟು. ದಾಜಿಯ ಹೆಬ್ಬೆರಳು ದಪ್ಪ. ಆದರೂ ಯಂತ್ರದ ಮೇಲಿನ ಕಣ್ಣು ತೆಗೆಯದೆ, ಕೆಳಗೆ ನೋಡದೆ, ಇಡೀ ಮೆಸೇಜು ಬರೆದು ಮುಗಿಸುತ್ತಿದ್ದರು. ಕೈಗೆ ಎಣ್ಣೆ ಮೆತ್ತಿದ್ದರೂ ನಡೆಯುತ್ತಿತ್ತು. ಮೆಸೇಜು ಬಂದರೆ ಮೂಲೆಯಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ಕೈತಪ್ಪಿ ಬಿದ್ದರೆ ಬ್ಯಾಟರಿ ಒಂದು ಕಡೆ, ಮುಚ್ಚಳ ಒಂದು ಕಡೆ ಹಾರುತ್ತಿತ್ತು. ಎತ್ತಿ ಜೋಡಿಸಿದರೆ ಮತ್ತೆ ಮೊದಲಿನ ಹಾಗೆಯೇ ಕೆಲಸ ಮಾಡುತ್ತಿತ್ತು.

ಇನ್ನು ದೋಷಕ್ಕೆ ಬಂದರೆ, ನಡುವೆ ಉರುಳಿಸುವ ಒಂದು ಸಣ್ಣ ಮಣಿ ಇತ್ತು. ಅದಕ್ಕೆ ಎಣ್ಣೆ, ಧೂಳು ಕೂತು, ಮೇಲಕ್ಕೆ ಉರುಳುತ್ತಿತ್ತು, ಕೆಳಕ್ಕೆ ಉರುಳುತ್ತಿರಲಿಲ್ಲ. ಕನ್ನಡದಲ್ಲಿ ಬರೆದ ಮೆಸೇಜು ಸಾಲಾಗಿ ಖಾಲಿ ಚೌಕಗಳಾಗಿ ಕಾಣುತ್ತಿತ್ತು. ಬೇಡದ ಮೆಸೇಜು ತುಂಬಿಕೊಂಡರೆ ಬೇಕಾದದ್ದನ್ನು ಒಳಗೆ ಬಿಡುತ್ತಿರಲಿಲ್ಲ. ಒಮ್ಮೆ ನಿಂತಿತೆಂದರೆ ಮತ್ತೆ ಎಚ್ಚರಾಗುವಷ್ಟರಲ್ಲಿ ನಾವು ಚಹಾ ಕುಡಿದು ಬರಬಹುದಿತ್ತು. ಕೊನೆಗೆ ವಾಟ್ಸ್ಆ್ಯಪ್ ಕೂಡ ಅದರಲ್ಲಿ ಬರುವುದು ನಿಂತುಹೋಯಿತು. ಎಲ್ಲಕ್ಕಿಂತ ದೊಡ್ಡದು, ಕಿವಿಗಿಡುವ ಸ್ಪೀಕರಿಗೆ ಕಬ್ಬಿಣದ ಪುಡಿ ಕೂತು ಆ ಕಡೆಯವರ ಮಾತು ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು. ಈ ದೋಷ ನಮ್ಮ ಬಳಗಕ್ಕೆಲ್ಲ ಗೊತ್ತಿತ್ತು. ದಾಜಿ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

"ಇದರ ಸ್ಪೀಕರ್ ಹೋಗೇದ್ರಿ, ಏನೂ ಕೇಳಸವಲ್ದು. ಮೆಸೇಜ್ ಹಾಕ್ರಿ," ಎಂದು ಕರೆ ಕತ್ತರಿಸಿಬಿಡುತ್ತಿದ್ದರು. ಫೋನಿನ ರೋಗ ಹೇಳಿ ತಮ್ಮ ರೋಗ ಮುಚ್ಚಿಕೊಂಡರು. ಉಳಿದ ಸೂಪರ್‌ವೈಸರುಗಳೆಲ್ಲ ಟಚ್ ಫೋನಿಗೆ ಹೋದರೂ ಇವರು ಮಾತ್ರ ಅದನ್ನು ಬಿಡಲಿಲ್ಲ. "ದಾಜಿ, ಇದನ್ನ ಮ್ಯೂಸಿಯಮ್ಮಿಗೆ ಕೊಡ್ರಿ, ಟಿಕೆಟ್ ಹಚ್ಚಿ ತೋರಸ್ತಾರ," ಎಂದು ನಾನು ಗೇಲಿ ಮಾಡಿದರೆ ಬಾಯಿ ತುಂಬ ನಗುತ್ತಿದ್ದರು. ನಾನು ಏನಂದೆನೆಂದು ತಿಳಿಯದೆಯೇ ನಗುತ್ತಿದ್ದರೆಂದು ಈಗ ಗೊತ್ತಾಗಿದೆ.

ಇಷ್ಟಕ್ಕೂ ಮುಚ್ಚಿಡುವುದೇಕೆ? ಅದಕ್ಕೆ ಫಕೀರಪ್ಪ ಕಾರಣ. ಅವನು ದಾಜಿಯ ಊರಿನವನು, ಅದೇ ಪ್ರೆಸ್ ಶಾಪಿನಲ್ಲಿದ್ದವನು. ಕಿವಿ ಕೇಳುವುದಿಲ್ಲವೆಂದು ಗೊತ್ತಾದ ಕೂಡಲೇ ಅವನನ್ನು ಯಂತ್ರದಿಂದ ತೆಗೆದು ಹಿಂದಿನ ಗೇಟಿನಲ್ಲಿ ಕುರ್ಚಿ ಹಾಕಿ ಕೂಡಿಸಿದರು. ಅಂದಿನಿಂದ ಅವನು ಕೆಪ್ಪ ಫಕೀರಪ್ಪನಾದ. ಹುಡುಗರು ಅವನ ಮುಂದೆ ಬರೀ ತುಟಿ ಅಲ್ಲಾಡಿಸಿ ಮಾತಾಡಿದಂತೆ ನಟಿಸಿ ನಗುತ್ತಿದ್ದರು. ದಾಜಿ ಆ ನಗುವವರ ನಡುವೆ ನಿಂತು ನೋಡಿದ್ದರು. ಆಗಲೇ ಅವರಿಗೂ ಕೇಳುವುದು ಕಡಿಮೆಯಾಗಿತ್ತು.

ವಿಚಿತ್ರವೆಂದರೆ ಕಾರ್ಖಾನೆಯಲ್ಲಿ ಅವರು ಸಿಕ್ಕಿಬೀಳಲೇ ಇಲ್ಲ. ಪ್ರೆಸ್ ಶಾಪಿನಲ್ಲಿ ಎಲ್ಲರೂ ಕಿವಿಗೆ ಬಿರಡೆ ಹಾಕಿಕೊಂಡು ಕೈಸನ್ನೆಯಲ್ಲೇ ಮಾತಾಡುತ್ತಾರೆ. ಅಲ್ಲಿ ದಾಜಿ ರಾಜ. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆಗೆ ವ್ಯಾನು ಬರುತ್ತಿತ್ತು. ಸದ್ದು ಕೇಳಿದಾಗ ಕೈ ಎತ್ತಬೇಕು. ದಾಜಿ ಪರೀಕ್ಷೆ ಮಾಡುವವನ ಬೆರಳನ್ನೇ ನೋಡುತ್ತಿದ್ದರು. ಬೆರಳು ಗುಂಡಿ ಒತ್ತಿದಾಗ ಕೈ ಎತ್ತುತ್ತಿದ್ದರು. ಅಷ್ಟು ಓದಿದವನಿಗೆ ಅದು ತಿಳಿಯಲಿಲ್ಲವಲ್ಲ, ಅವನಿಗೂ ಬೇಗ ಮುಗಿಸಿ ಊಟಕ್ಕೆ ಹೋಗಬೇಕಿತ್ತೇನೋ.

ಅವರಿಗೆ ಕಷ್ಟವಾದದ್ದು ಮನೆ. ಭೋಸರಿಯಲ್ಲಿ ಎರಡೇ ಕೋಣೆಯ, ಸದ್ದಿಲ್ಲದ ಮನೆ. ಯಾವ ಕ್ಷಣದಲ್ಲಿ ಯಾವ ಬಾಗಿಲಿನಿಂದ ಮಾತು ಬರುತ್ತದೋ ಎಂದು ಅವರು ಕಾರ್ಖಾನೆಯಿಂದ ಬಂದವರೇ ಗೋಡೆಗೆ ಬೆನ್ನು ಕೊಟ್ಟು ಕೂಡುತ್ತಿದ್ದರು. ಬೆನ್ನ ಹಿಂದೆ ಯಾರೂ ಬರಬಾರದು. ಅಕ್ಕನ ಮುಖ ನೋಡಿ ಅಂದಾಜಿನ ಮೇಲೆ 'ಹೂಂ' ಎನ್ನುವುದು, 'ನೋಡೂಣು' ಎನ್ನುವುದು. ಅಂದಾಜು ತಪ್ಪುತ್ತಿತ್ತು. ಅಕ್ಕ ತನ್ನ ಮೊಣಕಾಲು ನೋವು ಹೇಳಿದರೆ ಇವರು ನಗುತ್ತಿದ್ದರು. ಹೀಗೆ ವರ್ಷಗಟ್ಟಲೆ ನಡೆದು, ತನ್ನ ಗಂಡ ತನ್ನನ್ನು ಕಸಕ್ಕಿಂತ ಕಡೆಯಾಗಿ ಕಾಣುತ್ತಾನೆಂದು ಅಕ್ಕ ತಿಳಿದುಕೊಂಡಳು. ಬೇರೆ ಏನು ತಿಳಿಯಬೇಕು ಅವಳು? ಹೊರಗೆ ಅಷ್ಟು ಹೆಸರುವಾಸಿಯಾದ ಮನುಷ್ಯ ಮನೆಯಲ್ಲಿ ಮಾತ್ರ ಕಲ್ಲಿನಂತೆ ಕೂತಿರುತ್ತಿದ್ದರು. ದಾಜಿಯ ಎದೆಯಲ್ಲಿ ಮಾತ್ರ ಆಗ ಭಯವೊಂದೇ ಇತ್ತಂತೆ.

ಕಳೆದ ವರ್ಷ ಶ್ರಾವಣದಲ್ಲಿ ಅಕ್ಕ ಬಚ್ಚಲಿನಲ್ಲಿ ಜಾರಿ ಬಿದ್ದಳು. ಚಿಲಕ ಹಾಕಿಕೊಂಡಿರಲಿಲ್ಲ. ದಾಜಿ ಹೊರಗೆ ಟೀವಿಯ ಮುಂದೆ ಕೂತಿದ್ದರು. ಅಕ್ಕ ಒದರಿದಳು. ದಾಜಿ ಏಳಲಿಲ್ಲ. ಕೊನೆಗೆ ಪಕ್ಕದ ಮನೆಯ ಹೆಂಗಸು ಓಡಿ ಬಂದು, ದಾಜಿಯ ಮುಂದಿನಿಂದಲೇ ಹಾದುಹೋಗಿ ಅಕ್ಕನನ್ನು ಎತ್ತಿದಳು. ಸೊಂಟಕ್ಕೆ ಪೆಟ್ಟಾಗಿತ್ತು. "ಯಾಕ ಬರಲಿಲ್ಲ?" ಎಂದು ಮಗಳು ಸಪ್ನಾ ಕೇಳಿದರೆ, "ನಿದ್ದಿ ಹತ್ತಿತ್ತು," ಎಂದರು. ಕಣ್ಣು ತೆರೆದುಕೊಂಡು ಟೀವಿ ನೋಡುತ್ತಿದ್ದುದನ್ನು ಪಕ್ಕದ ಮನೆಯವಳು ಕಂಡಿದ್ದಳು. ಅಂದಿನಿಂದ ಅಕ್ಕ ಗಂಡನೊಡನೆ ಎದುರು ನಿಂತು ಮಾತಾಡುವುದನ್ನೇ ಬಿಟ್ಟಳು.

ಸಪ್ನಾ ಊರಿನ ಇನ್ನೊಂದು ತುದಿಯ ಖರಾಡಿಯಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿಯೇ ಗೆಳತಿಯರೊಡನೆ ಇರುತ್ತಾಳೆ. ಅಪ್ಪ ಅಮ್ಮನ ನಡುವೆ ಮಾತು ಹುಟ್ಟಲಿ ಎಂದು ಇಬ್ಬರಿಗೂ ಹೊಸ ಟಚ್ ಫೋನು ತಂದಳು. "ಪಪ್ಪಾ, ಇದರ ಸ್ಪೀಕರ್ ಏನ್ ಭಾರೀ ಅದ ನೋಡ್ರಿ, ಇನ್ನ ಕೇಳಸೂದಿಲ್ಲ ಅನ್ನಂಗಿಲ್ಲ," ಎಂದು ನಗುತ್ತ ಹಳೆಯ ಫೋನನ್ನು ಆಫೀಸಿನ ಇ-ಕಸದ ಡಬ್ಬಿಗೆ ಹಾಕುತ್ತೇನೆಂದು ಬ್ಯಾಗಿಗೆ ಹಾಕಿಕೊಂಡು ಹೋದಳು. ಮಗಳು ಪ್ರೀತಿಯಿಂದ ಮಾಡಿದ ಕೆಲಸ. ದಾಜಿಗೆ ಮಾತ್ರ ಮನೆಯ ಕೊನೆಯ ಬಾಗಿಲನ್ನೂ ಹೊರಗಿನಿಂದ ಮುಚ್ಚಿದ ಹಾಗಾಯಿತಂತೆ.

ಅಕ್ಕನಿಗೆ ಬರೆಯುವುದು ಅಷ್ಟಕ್ಕಷ್ಟೆ. ಆದರೆ ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸುವುದನ್ನು ಸಪ್ನಾ ಕಲಿಸಿಕೊಟ್ಟಳು. ಎದುರಿಗೆ ಹೇಳಲಾಗದ್ದನ್ನೆಲ್ಲ ಅಕ್ಕ ಫೋನಿಗೆ ಹೇಳತೊಡಗಿದಳು. ದಾಜಿ ಕೆಲಸದಲ್ಲಿದ್ದಾಗ ಒಂದರ ಮೇಲೊಂದು ಬರುತ್ತಿದ್ದವು. ಅವರು ಕ್ಯಾಂಟೀನಿನ ಹಿಂದೆ ಹೋಗಿ ಕಿವಿಗೆ ಒತ್ತಿ ಹಿಡಿಯುತ್ತಿದ್ದರು. ಒಳಗೆ ಏನೋ ಗುಂಯ್ ಎನ್ನುತ್ತಿತ್ತು, ಮಾತಾಗುತ್ತಿರಲಿಲ್ಲ. ಬೇರೆಯವರ ಕೈಗೆ ಕೊಟ್ಟು ಕೇಳಿಸಿಕೊಳ್ಳೋಣವೆಂದರೆ ಕೆಪ್ಪನೆಂದು ಒಪ್ಪಿಕೊಂಡ ಹಾಗಾಗುತ್ತದೆ. ಕಡೆಗೆ ಒಂದು ಉಪಾಯ ಮಾಡಿದರು. ಉದ್ದನೆಯ ಮಾತು ಬಂದರೆ ಕೈ ಮುಗಿದ ಚಿತ್ರ, ಚಿಕ್ಕದು ಬಂದರೆ ಹೆಬ್ಬೆರಳು ಎತ್ತಿದ ಚಿತ್ರ. ಚಿಕ್ಕದೆಂದರೆ ಕಾಯಿಪಲ್ಯೆ ತರಲು ಹೇಳಿರುತ್ತಾಳೆ ಎಂದು ಅವರ ಲೆಕ್ಕ.

ಒಂದು ದಿನ ಅಕ್ಕ ಬಟ್ಟೆಯ ಚೀಲ ಹಿಡಿದು ನಮ್ಮ ಮನೆಗೆ ಬಂದಳು. ಕಣ್ಣು ಕೆಂಪಾಗಿತ್ತು. ಫೋನು ಒತ್ತಿ ನನ್ನ ಮುಂದೆ ಹಿಡಿದಳು. ಅವಳದೇ ದನಿ: "ನಾ ಬಿದ್ದಾಗ ನೀವು ಯಾಕ ಬರಲಿಲ್ಲ ಅಂತ ಇವತ್ತಿಗೂ ಹೇಳಲಿಲ್ಲ. ನಾ ಇನ್ನ ಈ ಮನ್ಯಾಗ ಇರೂದು ನಿಮಗ ಬ್ಯಾಡಾದ್ರ ಹೇಳ್ರಿ, ತಮ್ಮ ಅಂಬಣ್ಣನ ಮನಿಗೆ ಹೋಗತೀನಿ." ಅದರ ಕೆಳಗೆ ದಾಜಿಯ ಉತ್ತರವಿತ್ತು. ಎತ್ತಿದ ಹೆಬ್ಬೆರಳು.

ನನಗೆ ನೆತ್ತಿಗೇರಿತು. ಗಾಡಿ ತೆಗೆದುಕೊಂಡು ನೇರ ಅವರ ಮನೆಗೆ ಹೋದೆ. ಬಾಗಿಲು ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಕುಕ್ಕರು ಸೀಟಿಯ ಮೇಲೆ ಸೀಟಿ ಹೊಡೆಯುತ್ತಿತ್ತು. ದಾಜಿ ನನಗೆ ಬೆನ್ನು ಮಾಡಿ, ಸೀಟಿ ಮೇಲಕ್ಕೆ ಏಳುವುದನ್ನು ಕಣ್ಣಿನಿಂದ ನೋಡುತ್ತ ನಿಂತಿದ್ದರು. "ನಿಮಗ ಮನುಷ್ಯಾರು ಅನ್ನಬೇಕೋ ಏನ್ ಅನ್ನಬೇಕೋ?" ಎಂದು ಬಾಗಿಲಿನಿಂದಲೇ ಕೂಗಾಡಿದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ತಿರುಗಲಿಲ್ಲ. ಹತ್ತಿರ ಹೋಗಿ ಹೆಗಲು ಹಿಡಿದು ಜಗ್ಗಿದೆ. ಬೆಚ್ಚಿಬಿದ್ದು ತಿರುಗಿದವರು ಕೂಡಲೇ ಮುಖದ ತುಂಬ ನಗು ತಂದುಕೊಂಡು, "ಬಾ ಅಂಬಣ್ಣ, ಯಾವಾಗ ಬಂದಿ? ಚಾ ಕುಡೀತಿ?" ಎಂದರು. ಆಗ ನನಗೆ ತಿಳಿಯಿತು.

ಅಕ್ಕ ಆಡಿದ ಮಾತನ್ನು ನನ್ನ ಫೋನಿನಲ್ಲಿ ಬರೆದು ತೋರಿಸಿದೆ. ಓದಿದರು. ಮತ್ತೆ ಓದಿದರು. ಅಡುಗೆ ಕಟ್ಟೆಗೆ ಆತುಕೊಂಡು, "ಇದಕ್ಕ ನಾ ಹೆಬ್ಬಟ್ಟು ಹಾಕಿದ್ನ್ಯಾ?" ಎಂದು ಕೇಳಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಎಲ್ಲ ಹೇಳಿದರು, ಫಕೀರಪ್ಪನಿಂದ ಹಿಡಿದು ಕ್ಯಾಂಟೀನಿನ ಹಿಂದಿನ ತನಕ. ಕೊನೆಗೆ ಅವರು ಬೇಡಿಕೊಂಡದ್ದು ಕೇಳಿ ನನಗೆ ಮತ್ತೆ ಸಿಟ್ಟು ಬಂತು. "ನಾ ಕೆಪ್ಪ ಅಂತ ಆಕಿಗೆ ಹೇಳಬ್ಯಾಡ ಅಂಬಣ್ಣ. ಸಿಟ್ಟಿನ್ಯಾಗ ಹೆಬ್ಬಟ್ಟು ಹಾಕ್ಯಾರ ಅಂತ ಹೇಳು."

ಹೆಂಡತಿಯ ಕಣ್ಣಿಗೆ ಕೆಟ್ಟವನಾದರೂ ಸರಿ, ಕಿವುಡನಾಗಬಾರದು! ಇಂಥ ಹುಚ್ಚು ಮನುಷ್ಯನ ಮೇಲೆ ಕೈ ಮಾಡಬೇಕೋ, ಅಪ್ಪಿಕೊಂಡು ಅಳಬೇಕೋ ನನಗೆ ತಿಳಿಯಲಿಲ್ಲ. ಫೋನಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ: ನಾನು ಏನೂ ಹೇಳುವುದಿಲ್ಲ, ನೀವೇ ಬಂದು ಹೇಳಿ, ಇಲ್ಲದಿದ್ದರೆ ಅಕ್ಕ ಬರುವುದಿಲ್ಲ.

ಭಾನುವಾರ ಬಂದರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಎದುರು ನಿಂತಿದ್ದ ಅಕ್ಕನಿಗೆ, "ಗೌರಾ, ನನಗ ಕಿವಿ ಕೇಳಸೂದಿಲ್ಲ. ಭಾಳ ವರ್ಷ ಆತು," ಎಂದು ಹೇಳಿ ತಲೆ ಕೆಳಗೆ ಹಾಕಿದರು.

ಅಕ್ಕ ನಂಬಲಿಲ್ಲ. "ಹಿಂಗ ಹೇಳ್ರಿ ಅಂತ ನೀ ಕಲಿಸಿದಿ ಏನು?" ಎಂದು ನನ್ನನ್ನೇ ಕೇಳಿದಳು. ಆಮೇಲೆ ದನಿ ತಗ್ಗಿಸಿ ನನಗೆ ಹೇಳಿದಳು. "ಆವತ್ತ ಬಿದ್ದಾಗ ಮೊದಲ ರೀ, ರೀ ಅಂದೆ. ಬರಲಿಲ್ಲ. ಜೀವಾ ಹೋಗತದ ಅನಿಸಿ, ಹೆಸರು ಹಿಡದ ಒದರಿದೆ ಅಂಬಣ್ಣ. ಗಂಡನ ಹೆಸರು ತಗೊಂಡ್ಳು ಅಂತ ಸಿಟ್ಟಾಗಿ ಕುಂತಾರ ಅಂತ ತಿಳದಿದ್ದೆ."

ನಮ್ಮ ಅಕ್ಕನ ಬಾಯಿಂದ ಗಂಡನ ಹೆಸರು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಮ್ಮ ಕಡೆಯ ಹಳೆಯ ಹೆಂಗಸರು ಆಸ್ಪತ್ರೆಯಲ್ಲಿ ಕೇಳಿದರೂ ಪಕ್ಕದವರ ಕಡೆ ನೋಡುತ್ತಾರೆ, ಅವರು ಹೇಳಲಿ ಎಂದು. ಅಂಥವಳು ನಿಧಾನಕ್ಕೆ ನಡೆದು ದಾಜಿಯ ಕುರ್ಚಿಯ ಹಿಂದೆ ಹೋಗಿ ನಿಂತಳು.

"ಗೂಳಪ್ಪಾ," ಎಂದಳು.

ದಾಜಿ ತಮ್ಮ ಅಂಗೈ ನೋಡುತ್ತ ಕೂತಿದ್ದರು. ಅಕ್ಕ ಇನ್ನೂ ಜೋರಾಗಿ ಕರೆದಳು. ಒಳಗಿದ್ದ ನನ್ನ ಹೆಂಡತಿ ರೇಣು ಗಾಬರಿಯಾಗಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ದಾಜಿ ಅಲುಗಲಿಲ್ಲ. ಹೆಂಡತಿ ಎದುರಿಗೇ ಇದ್ದಾಳೆ, ಏನು ಉತ್ತರ ಕೊಡುತ್ತಾಳೋ ಎಂದು ತಲೆ ತಗ್ಗಿಸಿಯೇ ಕಾಯುತ್ತಿದ್ದರು. ಅಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಸುತ್ತಿ ಬಂದು ಅವರ ಮುಂದೆ ನೆಲದ ಮೇಲೆ ಕೂತಳು.

ಆಗ ದಾಜಿ ತಲೆ ಎತ್ತಿ, ಅವಳ ಮುಖವನ್ನೇ ನೋಡುತ್ತ, "ಏನರ ಅಂದಿ ಏನು?" ಎಂದು ಕೇಳಿದರು.