ಬಿಳಿ ಹಲಗೆಯ ಎಡಭಾಗ

ಫಾಲ್ಕಾರ್ನಾ ಕ್ಲಬ್ಬಿನ ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂದು ಬಿಳಿ ಹಲಗೆ ಇದೆ. ನಡುವೆ ಯಾರೋ ಕಪ್ಪು ಟೇಪು ಅಂಟಿಸಿ ಅದನ್ನು ಎರಡು ಭಾಗ ಮಾಡಿದ್ದಾರೆ. ಬಲಭಾಗ ಕೋಚ್ ಸ್ಟೆಲ್ಲಾನ್‌ನದು. ಈ ಶನಿವಾರ ನಮ್ಮ ಕಡೆಯಿಂದ ಚೆಂಡೆಸೆಯುವ ಪಿಚರ್ ಯಾರು, ಎದುರಾಳಿಗಳ ಪಿಚರ್ ಯಾರು, ಮುಂದಿನ ಶನಿವಾರಗಳಲ್ಲಿ ಯಾರಿಗೆ ಯಾರು ಎಂದು ಅವನು ಅಲ್ಲಿ ಬರೆಯುತ್ತಾನೆ. ಎಡಭಾಗ ಪಾವನಾಳದು. ಯಾರಿಗೆ ಎಲ್ಲಿ ನೋವು, ಯಾರು ಯಾವಾಗ ವಾಪಸ್ಸು ಎನ್ನುವುದು ಅಲ್ಲಿರುತ್ತದೆ. ಈ ವರ್ಷ ಬೇಸ್‌ಬಾಲ್ ಶುರುವಾಗಿ ಮೂರು ವಾರವಾಗುವಷ್ಟರಲ್ಲಿ ಎಡಭಾಗ ತುಂಬಿ, ಅಕ್ಷರಗಳು ಟೇಪಿಗೆ ಹೋಗಿ ಮುಟ್ಟಿದ್ದವು.

ಪಾವನಾ ಫಿಜಿಯೊಥೆರಪಿ ಓದಿದ್ದು ದಾವಣಗೆರೆಯಲ್ಲಿ. ಗಂಡ ಅವಿನಾಶ್‌ಗೆ ಈ ಚಳಿ ದೇಶದ ಕಿಸ್ತಾ ಎಂಬಲ್ಲಿ ಕೆಲಸ ಸಿಕ್ಕಿ ಇಬ್ಬರೂ ಸುಂಡ್‌ಬೀಬರ್ಯ್‌ನ ಮೂರನೇ ಮಹಡಿಯ ಬಾಡಿಗೆ ಮನೆಗೆ ಬಂದು ಏಳು ವರ್ಷವಾಯಿತು. ಇಲ್ಲಿಯ ಭಾಷೆ ಕಲಿತು, ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ, ನಡುವೆ ಸಿಯಾಳನ್ನು ಹೆತ್ತು, ಇಲ್ಲಿ ಕೆಲಸ ಮಾಡುವ ಪರವಾನಗಿ ಅವಳ ಕೈಗೆ ಬಂದದ್ದು ಹೋದ ವರ್ಷ. ಅವಳಿರುವ ಕ್ಲಿನಿಕ್ಕಿನವರು ವಾರಕ್ಕೆ ಮೂರು ದಿನ ಅವಳನ್ನು ಕ್ಲಬ್ಬಿಗೆ ಕಳಿಸುತ್ತಾರೆ. ಮೊದಲ ದಿನ ಮೈದಾನ ನೋಡಿಬಂದವಳು ಅವಿನಾಶ್‌ಗೆ ವರದಿ ಒಪ್ಪಿಸಿದ್ದಳು.

"ಪಿಚರ್ ಅಂದ್ರೆ ನಮ್ಮ ಬೌಲರ್ ಥರಾನೇ ಕಣ್ರೀ. ಆದ್ರೆ ಕೈ ಮಡಚಿ ಎಸೀತಾರೆ. ನಮ್ಮಲ್ಲಾಗಿದ್ರೆ ಅಂಪೈರ್ ಪ್ರತಿ ಬಾಲೂ ನೋ ಬಾಲ್ ಅಂತಿದ್ದ."

"ಅದಕ್ಕೇ ಮತ್ತೆ, ಕ್ಲಬ್ಬಿಗೆ ನೀನು ಬೇಕಾಗಿದ್ದು," ಎಂದಿದ್ದ ಅವಿನಾಶ್.

ಅವನು ತಮಾಷೆಗೆ ಅಂದದ್ದು ನಿಜವೇ ಆಗಿತ್ತು. ಚಳಿಗಾಲವಿಡೀ ಬೆಚ್ಚಗಿನ ಹಾಲ್‌ನಲ್ಲಿ ಅಭ್ಯಾಸ ಮಾಡಿದ ತೋಳುಗಳು ಏಪ್ರಿಲ್‌ನಲ್ಲಿ ಒಮ್ಮೆಲೇ ಆರು ಡಿಗ್ರಿ ಚಳಿಯ ಮೈದಾನಕ್ಕೆ ಇಳಿಯುತ್ತವೆ. ಮೊದಲ ವಾರ ಒಬ್ಬನ ತೊಡೆ ಹಿಡಿಯಿತು. ಎರಡನೇ ವಾರ ಒಬ್ಬ ಪಿಚರ್‌ನ ಭುಜ ಹೋಯಿತು. ಮೂರನೆಯದರಲ್ಲಿ ಇನ್ನೊಬ್ಬ ಪಿಚರ್‌ನ ಬೆರಳ ತುದಿ ಸೀಳಿತು. ಉಳಿದ ಪಿಚರ್‌ಗಳು ಇಬ್ಬರೇ. ಒಬ್ಬ ಬೆಂಗ್ಟ್, ಶಾಲೆಯಲ್ಲಿ ಮರಗೆಲಸ ಕಲಿಸುವ ಮೂವತ್ತೆಂಟರ ಮೇಷ್ಟ್ರು. ಇನ್ನೊಬ್ಬ ಧ್ರುವ್.

ಧ್ರುವ್‌ಗೆ ಇಪ್ಪತ್ತೆರಡು ವರ್ಷ. ಅಪ್ಪ ಅಮ್ಮ ಮೈಸೂರಿನವರು, ಅವನು ಹುಟ್ಟಿ ಬೆಳೆದದ್ದು ಸೊಲ್ಲೆಂಟುನಾದಲ್ಲಿ. ಈ ವರ್ಷದಿಂದ ಕ್ಲಬ್ಬು ಅವನಿಗೆ ಸಂಬಳ ಕೊಡುತ್ತಿದೆ. ಈ ಶನಿವಾರ ಹಲಗೆಯ ಬಲಭಾಗದಲ್ಲಿ ಅವನ ಹೆಸರಿನ ಎದುರಿಗೆ ಇದ್ದದ್ದು ಲಿನುಸ್ ಎಂಬ ಉದ್ದನೆಯ ಎಡಗೈ ಪಿಚರ್‌ನ ಹೆಸರು. ಇಬ್ಬರನ್ನೂ ನೋಡಿ ಒಬ್ಬನನ್ನು ಆರಿಸಲು ಜರ್ಮನಿಯ ವೃತ್ತಿಪರ ತಂಡವೊಂದರಿಂದ ಒಬ್ಬರು ಬರುವವರಿದ್ದರು. ಧ್ರುವ್‌ನ ಅಮ್ಮ ಶಕುಂತಲಾ ಆ ಜರ್ಮನಿಯವರಿಗೋಸ್ಕರ ಆಗಲೇ ಒಂದು ಡಬ್ಬ ಕೋಡುಬಳೆ ಮಾಡಿಟ್ಟಿದ್ದರು.

ಸೋಮವಾರ ಪಾವನಾ ಅವನ ಬಲ ಮೊಣಕೈಯ ಒಳಬದಿಯನ್ನು ಬೆರಳಿನಿಂದ ಮೆಲ್ಲನೆ ಒತ್ತಿದಾಗ ಅವನು ಕೈಯನ್ನು ಸರಕ್ಕನೆ ಎಳೆದುಕೊಂಡ. ಹಲಗೆಯ ಎಡಕ್ಕೆ ಬರೆದಳು: "ಧ್ರುವ್, ಮೊಣಕೈ. ಗುರುವಾರ ಮತ್ತೆ ನೋಡುವುದು."

ಗುರುವಾರ ನಾಲ್ಕು ಗಂಟೆಗೆ ಅದೇ ಜಾಗ ಒತ್ತಿದಳು. ಧ್ರುವ್ ಕಣ್ಣು ಕೂಡ ಮಿಟುಕಿಸಲಿಲ್ಲ. ಕೈ ತಿರುಗಿಸಿದಳು, ಎದುರು ಬಲ ಹಾಕಿ ನೋಡಿದಳು, ಇಪ್ಪತ್ತು ಚೆಂಡು ಎಸೆಯಿಸಿದಳು. ಎಲ್ಲವೂ ಸಲೀಸು. ಸ್ಟೆಲ್ಲಾನ್ ಹಲಗೆ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಒರೆಸಿಬಿಡಲಾ?" ಎಂದ.

ಪಾವನಾ ಹೂಂ ಎನ್ನಲು ಬಾಯಿ ತೆರೆದವಳು ತಡೆದುಕೊಂಡಳು. ಮೂರೇ ದಿನದಲ್ಲಿ ಇಷ್ಟು ಸಲೀಸೇ? ಇಷ್ಟು ಚೆನ್ನಾಗಿರುವುದನ್ನು ಅವಳು ಇದಕ್ಕೆ ಮುಂಚೆ ಒಮ್ಮೆ ನೋಡಿದ್ದಳು. ತನ್ನ ಮನೆಯಲ್ಲೇ, ತನ್ನ ಕೈಯಾರೆ ಮಾಡಿ ನೋಡಿದ್ದಳು.

"ಎಂಟು ಗಂಟೆಗೆ ಫೋನ್ ಮಾಡಿ ಹೇಳುತ್ತೇನೆ," ಎಂದಳು ಸ್ಟೆಲ್ಲಾನ್‌ಗೆ.

"ಈಗಲೇ ಚೆನ್ನಾಗಿದೆಯಲ್ಲ?"

"ಈಗ ಚೆನ್ನಾಗಿದೆ. ಎಂಟಕ್ಕೂ ಚೆನ್ನಾಗಿರಬೇಕು." ಸಿಯಾಳ ಶಿಶುವಿಹಾರ, ಇಲ್ಲಿಯವರ ಮಾತಿನಲ್ಲಿ ದಾಗಿಸ್, ಮುಚ್ಚುವ ಹೊತ್ತಾಗಿತ್ತು. ಧ್ರುವ್ ಕಡೆ ತಿರುಗಿ ಕನ್ನಡಕ್ಕೆ ಬಂದಳು. "ಸಿಯಾನ ದಾಗಿಸ್‌ನಿಂದ ಕರ್ಕೊಂಡ್ ಹೋಗ್ಬೇಕು. ನೀನೂ ಬಾ, ಊಟ ಮಾಡ್ಕೊಂಡ್ ಹೋಗುವಂತೆ. ಇವತ್ತು ಬಿಸಿಬೇಳೆಬಾತ್."

"ಅಕ್ಕಾ, ನಂಗೆ ಟ್ರೈನ್ ಇದೆ..."

"ಹತ್ತು ನಿಮಿಷಕ್ಕೊಂದು ಟ್ರೈನ್ ಇದೆ. ನಡಿ."

ಏಳೂವರೆಗೂ ಬಾಲ್ಕನಿಯ ತುಂಬ ಬಿಸಿಲಿತ್ತು. ಅವಿನಾಶ್ ತಟ್ಟೆ ಹಾಕುತ್ತಿದ್ದ. ಧ್ರುವ್ ನೆಲದ ಮೇಲೆ ಕೂತು ನಾಲ್ಕು ವರ್ಷದ ಸಿಯಾಳ ಜೊತೆ ಮರದ ತುಂಡುಗಳಿಂದ ಸೇತುವೆ ಕಟ್ಟುತ್ತಿದ್ದ. ಕಟ್ಟುವುದೆಲ್ಲ ಎಡಗೈಯಲ್ಲಿ. ಪಾವನಾ ಅದನ್ನು ಗಮನಿಸಿದಳು. ಒಗ್ಗರಣೆ ಸೌಟು ತೊಳೆಯುತ್ತ ಸುಮ್ಮನೆ ಕಾದಳು. ಸಿಯಾ ಅಡುಗೆಮನೆಗೆ ಓಡಿಹೋಗಿ ಮಾವಿನಕಾಯಿ ಉಪ್ಪಿನಕಾಯಿಯ ಹೊಸ ಬಾಟಲಿ ಎರಡೂ ಕೈಯಲ್ಲಿ ಅವುಚಿ ತಂದು ಧ್ರುವ್‌ನ ಮಡಿಲಲ್ಲಿ ಇಟ್ಟಳು. ಅವನು ಬಲಗೈಯಿಂದ ಮುಚ್ಚಳ ತಿರುಗಿಸಲು ಹೋಗಿ, ತಿರುಗಿಸುವ ಮುಂಚೆಯೇ ಹಲ್ಲು ಕಚ್ಚಿ ಬಿಟ್ಟ.

"ಅಮ್ಮಾ, ಧ್ರುವ್ ಅಣ್ಣಂಗೆ ಓಂಟ್ ಆಗ್ತಿದೆ!" ಎಂದು ಕೂಗಿದಳು ಸಿಯಾ. ನೋವು ಎನ್ನುವುದಕ್ಕೆ ಅವಳಿಗೆ ದಾಗಿಸ್‌ನ ಮಾತೇ ಮೊದಲು ಬರುವುದು.

ಪಾವನಾ ಬಂದು ಬಾಟಲಿ ತೆಗೆದುಕೊಂಡು, ತಾನೇ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು.

"ಎಷ್ಟು ಮಾತ್ರೆ ತಗೊಂಡೆ?"

ಧ್ರುವ್ ಸೇತುವೆ ನೋಡುತ್ತ ಕೂತ. "ಮಧ್ಯಾಹ್ನ ಎರಡು."

"ಬೆಳಗ್ಗೆ?"

"ಬೆಳಗ್ಗೆನೂ ಎರಡು. ಅಕ್ಕಾ, ಪ್ಲೀಸ್. ಒಂದೇ ಗೇಮ್. ಆ ಜರ್ಮನಿಯವರು ಮತ್ತೆ ಬರಲ್ಲ. ಆಮೇಲೆ ಒಂದು ತಿಂಗಳು ರೆಸ್ಟ್ ಮಾಡ್ತೀನಿ, ಪ್ರಾಮಿಸ್. ಸ್ಟೆಲ್ಲಾನ್‌ಗೆ ಓಕೆ ಅಂದ್ಬಿಡಿ."

ಪಾವನಾ ಅವನ ಎದುರಿಗೆ ನೆಲದ ಮೇಲೇ ಕೂತಳು.

"ಹೋದ ವರ್ಷ ಮಾರ್ಚ್‌ನಲ್ಲಿ ನನ್ನ ಕೊನೇ ಪರೀಕ್ಷೆ. ಅವತ್ತು ಬೆಳಗ್ಗೆ ಇವಳಿಗೆ ಜ್ವರ. ದಾಗಿಸ್ ರೂಲ್ ನಿಂಗೂ ಗೊತ್ತಲ್ಲ, ಜ್ವರ ಬಿಟ್ಟು ಒಂದಿಡೀ ದಿನ ಆಗೋವರೆಗೂ ಕಳಿಸೋ ಹಾಗಿಲ್ಲ. ಇವರು ಕೆಲಸದ ಮೇಲೆ ಗೋಥೆನ್‌ಬರ್ಗ್‌ಗೆ ಹೋಗಿದ್ರು. ನಾನು ಏನು ಮಾಡ್ದೆ ಗೊತ್ತಾ? ಜ್ವರದ ಸಿರಪ್ ಕುಡಿಸಿ, ಎಂಟು ಗಂಟೆಗೆ ಬಿಟ್ಟು ಹೋದೆ. ನಗ್ತಾ ಟಾಟಾ ಮಾಡಿದ್ಲು. ಹನ್ನೊಂದೂವರೆಗೆ ಸಿರಪ್ ಕೆಲಸ ಮುಗೀತು, ಜ್ವರ ಏರ್ತು. ದಾಗಿಸ್‌ನವರು ಫೋನ್ ಮಾಡಿದ್ರೆ ನನ್ನ ಫೋನ್ ಪರೀಕ್ಷೆ ಹಾಲ್‌ನ ಲಾಕರ್‌ನಲ್ಲಿ. ಎರಡು ಗಂಟೆವರೆಗೂ ಇವಳು ಟೀಚರ್ ತೊಡೆ ಮೇಲೆ ಕೆಂಡದ ಹಾಗೆ ಮಲಗಿದ್ಲು."

"ಪರೀಕ್ಷೆ ಪಾಸಾಯ್ತಲ್ಲ?" ಎಂದ ಧ್ರುವ್.

"ಆಯ್ತು. ಆದ್ರೂ ಆ ಎರಡೂವರೆ ಗಂಟೆ ನನ್ನ ಎದೆಯಿಂದ ಇನ್ನೂ ಇಳಿದಿಲ್ಲ. ಇನ್ನೊಬ್ಬರ ಮಗೂಗೆ ಅದನ್ನ ಮಾಡಲ್ಲ ನಾನು."

"ನಾನೇನು ನಾಲ್ಕು ವರ್ಷದ ಮಗುನಾ?"

"ಅಲ್ಲಪ್ಪಾ. ನಾಲ್ಕು ವರ್ಷದ್ದಾಗಿದ್ರೆ ಓಂಟ್ ಅಂತ ನೀನೇ ಹೇಳ್ತಿದ್ದೆ."

ಅವಿನಾಶ್ ನಗು ತಡೆಯಲು ಅಡುಗೆಮನೆಗೆ ಹೋದ. ಧ್ರುವ್ ನಗಲಿಲ್ಲ. ತಟ್ಟೆ ಖಾಲಿ ಮಾಡಿದ. ಹೋಗುವಾಗ ಸಿಯಾಗೊಬ್ಬಳಿಗೇ ಬೈ ಹೇಳಿದ.

ಎಂಟು ಗಂಟೆಗೆ ಪಾವನಾ ಸ್ಟೆಲ್ಲಾನ್‌ಗೆ ಫೋನ್ ಮಾಡಿ, ಶನಿವಾರ ಧ್ರುವ್ ಎಸೆಯುವುದಿಲ್ಲ, ಸ್ಕ್ಯಾನ್ ಆಗಬೇಕು ಎಂದಳು.

"ಬೆಂಗ್ಟ್‌ಗೆ ಮೂವತ್ತೆಂಟು ವರ್ಷ," ಎಂದ ಸ್ಟೆಲ್ಲಾನ್.

"ಅವನ ಮೊಣಕೈ ಗಟ್ಟಿಯಾಗಿದೆ. ನಾನೇ ನೋಡಿದ್ದೇನೆ."

ಒಂಬತ್ತರ ಹೊತ್ತಿಗೆ ಶಕುಂತಲಾ ಆಂಟಿಯ ಫೋನ್. "ಪಾವನಾ, ಇಡೀ ಕನ್ನಡ ಕೂಟಕ್ಕೆ ಹೇಳ್ಬಿಟ್ಟಿದ್ದೀನಿ ಕಣಮ್ಮಾ! ಇವನು ನೋಡಿದ್ರೆ ರೂಮ್ ಬಾಗಿಲು ಹಾಕ್ಕೊಂಡಿದ್ದಾನೆ. ಏನಾದ್ರೂ ಅಡ್ಜಸ್ಟ್ ಮಾಡಕ್ಕಾಗಲ್ವಾ?"

"ಆಂಟಿ, ಅವನು ನೋವು ಮುಚ್ಚಿಟ್ಕೊಂಡು ನಾಲ್ಕು ಮಾತ್ರೆ ನುಂಗಿದ್ದಾನೆ, ನಿಮಗೂ ಹೇಳದೆ."

ಆಂಟಿ ಸಣ್ಣ ದನಿಯಲ್ಲಿ, "ಮತ್ತೆ ಕೋಡುಬಳೆ?" ಎಂದರು.

"ತನ್ನಿ ಆಂಟಿ. ಆಟ ಇದ್ದೇ ಇದೆ."

ಶನಿವಾರ ಬೆಂಗ್ಟ್ ಮೇಷ್ಟ್ರು ಮನಸಾರೆ ಎಸೆದು ಐದು ಎರಡರಿಂದ ಸೋತರು. ಜರ್ಮನಿಯವರು ಲಿನುಸ್‌ನನ್ನು ನೋಡುತ್ತ ಅರ್ಧ ಡಬ್ಬ ಕೋಡುಬಳೆ ಮುಗಿಸಿದರು. ಬೆಂಚಿನ ಮೇಲೆ ಮುಖ ದಪ್ಪ ಮಾಡಿಕೊಂಡು ಕೂತಿದ್ದ ಧ್ರುವ್‌ನನ್ನು, ನೀನು ಯಾವಾಗ ಎಸೆಯುವುದು ಎಂದು ಕೇಳಿದಾಗ ಅವನು ಪಾವನಾಳ ಕಡೆ ಗದ್ದ ಎತ್ತಿ ತೋರಿಸಿದ. ಅವಳು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಸ್ಕ್ಯಾನ್ ಚೆನ್ನಾಗಿ ಬಂದರೆ ಜೂನ್ ಮೊದಲ ಶನಿವಾರ ಐವತ್ತು ಚೆಂಡು, ಅದಾದ ಮೂರು ವಾರಕ್ಕೆ ಪೂರ್ತಿ ಆಟ. ಅವರು ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಸ್ಕ್ಯಾನ್‌ನಲ್ಲಿ ಮೊಣಕೈಯ ಒಳಬದಿಯ ಲಿಗಮೆಂಟ್, ಮೂಳೆಗಳನ್ನು ಹಿಡಿದಿಡುವ ಕಟ್ಟು, ಹರಿದಿರಲಿಲ್ಲ, ಊದಿಕೊಂಡಿತ್ತು. ಶನಿವಾರ ಎಸೆದಿದ್ದರೆ ಏನಾಗುತ್ತಿತ್ತೆಂದು ಡಾಕ್ಟರೂ ಹೇಳಲಿಲ್ಲ, ಪಾವನಾ ಕೇಳಲೂ ಇಲ್ಲ. ನಾಲ್ಕು ವಾರ ಧ್ರುವ್ ಅವಳ ಹತ್ತಿರ ಹಗ್ಗ ಎಳೆದ, ಒದ್ದೆ ಟವೆಲ್ ಹಿಂಡಿದ, ಚೆಂಡನ್ನು ಮೊದಲು ಹತ್ತು ಹೆಜ್ಜೆ, ಆಮೇಲೆ ಇಪ್ಪತ್ತು ಹೆಜ್ಜೆ ದೂರಕ್ಕೆ ಎಸೆದ. ಮೊದಲ ವಾರ ಮಾತಿಲ್ಲ. ಎರಡನೇ ವಾರ ಒಂದು ಪೊಟ್ಟಣ ಕೋಡುಬಳೆ ತಂದು, "ಅಮ್ಮ ಕೊಟ್ರು," ಎಂದು ಅವಳ ಚೀಲದ ಮೇಲಿಟ್ಟು ಹೋದ.

ಜೂನ್ ಮೊದಲ ಶನಿವಾರ ಬಿಸಿಲಿತ್ತು. ಧ್ರುವ್ ಚೆನ್ನಾಗಿ ಎಸೆಯುತ್ತಿದ್ದ. ಪಾವನಾ ಬೇಲಿಯ ಹತ್ತಿರ ನಿಂತು ಒಂದೊಂದು ಚೆಂಡಿಗೂ ಗೀಟು ಹಾಕುತ್ತಿದ್ದಳು. ನಲವತ್ತೆರಡನೆಯದು ಎಸೆದವನು ನಿಂತ. ಕೈಗವಸು ತೆಗೆದು ಅವಳ ಕಡೆ ಬೀಸಿದ. ಅವಳು ಓಡಿಹೋದಳು.

"ನೋವಾ?"

"ನೋವಲ್ಲ ಅಕ್ಕಾ, ಬಿಗಿ. ಇನ್ನೆಂಟು ಎಸೀಬಹುದೇನೋ. ಆದ್ರೆ ಇವತ್ತು ಮಾತ್ರೆ ತಗೊಂಡಿಲ್ಲ ನೋಡಿ, ಅದಕ್ಕೇ ಗೊತ್ತಾಗ್ತಿದೆ."

ಅವಳು ಮೊಣಕೈ ಒತ್ತಿ ನೋಡಿದಳು. ಒಳ್ಳೆಯ ಬಿಗಿ, ದಣಿದ ಸ್ನಾಯುವಿನದು. "ಸಾಕು ಇವತ್ತಿಗೆ," ಎಂದಳು. ಸ್ಟೆಲ್ಲಾನ್ ಬೆಂಗ್ಟ್ ಮೇಷ್ಟ್ರನ್ನು ಕರೆದ.

ಆಟ ಗೆದ್ದ ಮೇಲೆ ಧ್ರುವ್ ಹಲಗೆಯ ಮುಂದೆ ಬಂದು ನಿಂತ. "ಜರ್ಮನಿಯಿಂದ ಮೆಸೇಜ್ ಬಂದಿದೆ ಅಕ್ಕಾ. ಮೂರು ವಾರ ಆದ್ಮೇಲೆ ಬರ್ತಾರಂತೆ. ನಿಮ್ಮ ಚೀಟಿ ಫೋಟೋ ಕಳಿಸಿ, ಇದೇ ಡೇಟ್ ತಾನೇ ಅಂತ ಕೇಳಿದ್ದಾರೆ. ಈಗ ನನ್ನ ಹೆಸರು ಎಡಕ್ಕಾ, ಬಲಕ್ಕಾ?"

ಪಾವನಾ ಬಟ್ಟೆ ತೆಗೆದುಕೊಂಡು ಎಡಭಾಗದ ಅವನ ಹೆಸರನ್ನು ಅಂಚಿನವರೆಗೂ ಒರೆಸಿದಳು. ಸ್ಟೆಲ್ಲಾನ್ ತನ್ನ ಪೆನ್ನು ಅವಳಿಗೆ ಕೊಟ್ಟ. ಟೇಪಿನ ಆಚೆ, ಮೂರು ವಾರದ ನಂತರದ ಆಟಕ್ಕೆ, ಲಿನುಸ್‌ನ ಎದುರಿಗೆ, ಅವಳೇ ಬರೆದಳು: ಧ್ರುವ್.

ಹೊರಗೆ ಶಕುಂತಲಾ ಆಂಟಿ ಆಗಲೇ ಫೋನ್‌ನಲ್ಲಿ ಯಾರಿಗೋ ಆ ದಿನಾಂಕ ಎರಡೆರಡು ಸಲ ಹೇಳುತ್ತಿದ್ದರು.